ಬಾಸ್ ನನಗಾಗಿ ಔಟಾದ ಶುಕ್ರವಾರ

ಗಲ್ಫಿನಲ್ಲಿರುವ ನಮ್ಮ ಖುರುಮ್ ಆಫೀಸಿನ ಜಪಾನಿ ಮ್ಯಾನೇಜರ್, ರಜೆಯ ದಿನವಾದ ಶುಕ್ರವಾರ ಬೆಳಗ್ಗೆ ಅಲ್ ಅಮೇರಾತ್‌ನ ಮೈದಾನದಲ್ಲಿ ನಾವಾಡುವ ಟೆನಿಸ್ ಬಾಲ್ ಕ್ರಿಕೆಟ್ಟಿಗೂ ಬರತೊಡಗಿದಾಗಲೇ ನನಗೆ ಅನುಮಾನ ಶುರುವಾಗಿತ್ತು. ವಾರಕ್ಕೆ ಐದು ದಿನ ನನ್ನ ಮುಖ ನೋಡಿದವರಿಗೆ ಆರನೆಯ ದಿನವೂ ನೋಡಬೇಕೆನಿಸಿದರೆ ಏನೋ ಕಾರಣ ಇರಲೇಬೇಕು. ಮುಖವಂತೂ ಕಾರಣವಲ್ಲ.

ಅದೇ ತಿಂಗಳು ನನ್ನ ಕಾಂಟ್ರ್ಯಾಕ್ಟ್ ಮುಗಿಯುವುದಿತ್ತು. ನವೀಕರಣದ ಕಾಗದ ಅವರ ಮೇಜಿನ ಮೇಲಿತ್ತು. ಮಗಳು ದಾರ್ಸೈಟ್‌ನ ಭಾರತೀಯ ಶಾಲೆಯಲ್ಲಿ ಹನ್ನೆರಡನೇ ತರಗತಿ. ಸಹಿ ಬೀಳದಿದ್ದರೆ ವೀಸಾ ಮುಗಿದು, ಅವಳ ಪರೀಕ್ಷೆಗೆ ಮೊದಲೇ ಊರಿಗೆ ಗಂಟುಮೂಟೆ ಕಟ್ಟಬೇಕು.

ಆ ಶುಕ್ರವಾರ ನಾನು ಇಲ್ಲದ ರನ್ನಿಗೆ ಓಡಿ ಅವರಿದ್ದ ತುದಿಗೇ ಹೋಗಿ ನಿಂತೆ. ತಪ್ಪು ಪೂರ್ತಿ ನನ್ನದು. ಅವರು ಒಮ್ಮೆ ನನ್ನನ್ನು ನೋಡಿ, ಕ್ರೀಸ್ ಬಿಟ್ಟು ಆಚೆ ತುದಿಗೆ ಓಡಿದರು. ಅರ್ಧ ದಾರಿಯಲ್ಲೇ ರನೌಟ್. ಹೊರಗೆ ಹೋಗುವಾಗ ನನ್ನ ಕಡೆ ತಿರುಗಿ ತಲೆಬಾಗಿದರು!

“ಶಾಲೆಯಲ್ಲಿ ಬೇಸ್‌ಬಾಲ್ ಆಡುತ್ತಿದ್ದೆ,” ಎಂದು ಚಹಾದ ಹೊತ್ತಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. “ಕೋಚ್ ಸನ್ನೆ ಮಾಡಿದರೆ ಚೆಂಡನ್ನು ಮೆತ್ತಗೆ ತಟ್ಟಿ ನಾವು ಔಟಾಗಬೇಕು. ಅಷ್ಟರಲ್ಲಿ ಗೆಳೆಯ ಮುಂದಕ್ಕೆ ಹೋಗುತ್ತಾನೆ. ಔಟಾದವನಿಗೇ ಜೋರು ಚಪ್ಪಾಳೆ.”

ತಂಡಕ್ಕಾಗಿ ಒಬ್ಬ ಹೋಗಬೇಕು. ಆ ಒಬ್ಬ ನಾನೇ ಎಂದು ಮನೆಗೆ ಬಂದವನೇ ಹೇಳಿದೆ.

“ಔಟಾದದ್ದು ಅವರಲ್ವಾ ಮಾರಾಯ್ರೆ?” ಎಂದಳು ಹೆಂಡತಿ.

“ಅದೇ. ಮೊದಲು ಮಾಡಿ ತೋರಿಸುವುದು. ಆಮೇಲೆ ನಮ್ಮ ಸರದಿ.”

“ನಿಮಗೆ ಯಾರಾದ್ರೂ ಕೈ ಮುಗಿದ್ರೂ ಹೆದರಿಕೆ.”

ಸೋಮವಾರ ಲಿಫ್ಟಿನಲ್ಲಿ ಅವರು, “ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?” ಎಂದು ಕೇಳಿದರು. ಹದಿನೇಳು ಎಂದೆ. “ಬಹಳ ಆಯಿತು,” ಎಂದರು. ನಾಲ್ಕು ಮಹಡಿ ಇಳಿಯುವಷ್ಟರಲ್ಲಿ ನಾನು ಮನೆಯ ಸೋಫಾ ಮಾರಿಬಿಟ್ಟಿದ್ದೆ, ಮನಸ್ಸಿನಲ್ಲೇ.

ನಾನೂ ತ್ಯಾಗಿ ಎಂದು ತೋರಿಸದೆ ಉಳಿಗಾಲವಿಲ್ಲವೆಂದು ನಿಶ್ಚಯಿಸಿದೆ. ಮುಂದಿನ ಶುಕ್ರವಾರ ಗೆಲುವಿಗೆ ನಾಲ್ಕೇ ರನ್ ಬೇಕಿತ್ತು. ಅಪರೂಪಕ್ಕೆ ಸತತ ಎರಡನೆಯ ವಾರವೂ ನನ್ನ ಬ್ಯಾಟಿಗೆ ಚೆಂಡು ಸಿಗುತ್ತಿತ್ತು. ಮ್ಯಾನೇಜರ್ ಪಿಚ್ಚಿನ ನಡುವೆ ಸಿಕ್ಕಿಬಿದ್ದರು. ಕ್ರೀಸಿನಲ್ಲಿ ಸುಖವಾಗಿದ್ದ ನಾನು ಅವರನ್ನು ದಾಟಿ ಓಡಿ ಔಟಾದೆ. ತಲೆಯನ್ನೂ ಬಾಗಿಸಿದೆ. ಮುಂದಿನ ಚೆಂಡಿಗೇ ಅವರು ಬೌಲ್ಡ್. ಅದೇ ಕೊನೆಯ ವಿಕೆಟ್, ಪಂದ್ಯ ಖಲಾಸ್.

“ಎಂತದು ನಿಮ್ಮದು? ಮಂಡೆ ಸಮ ಉಂಟಾ?” ನಮ್ಮ ಕ್ಯಾಪ್ಟನ್, ಉಡುಪಿಯವರು, ಟೋಪಿ ನೆಲಕ್ಕೆಸೆದರು.

ಮ್ಯಾನೇಜರ್ ಕೂಗಾಡಲಿಲ್ಲ. ಕಿಟ್ ಬ್ಯಾಗಿನ ಜಿಪ್ ಎಳೆಯುತ್ತ ಮೆಲ್ಲಗೆ ಹೇಳಿದರು: “ಆ ದಿನ ನೀವು ಚೆನ್ನಾಗಿ ಆಡುತ್ತಿದ್ದಿರಿ, ಅದಕ್ಕೇ ನಾನು ಹೋದೆ. ಇವತ್ತೂ ಚೆನ್ನಾಗಿ ಆಡುತ್ತಿದ್ದವರು ನೀವೇ. ನೀವು ಹೋದದ್ದು ತಂಡಕ್ಕಾಗಿ ಅಲ್ಲ, ನನಗಾಗಿ.”

ಶನಿವಾರವಿಡೀ ನಾನು ವಿಮಾನದ ಟಿಕೆಟ್ ದರ ನೋಡುತ್ತ ಕೂತೆ.

ಭಾನುವಾರ ಆಫೀಸು ತೆರೆದಾಗ ನನ್ನ ಮೇಜಿನ ಮೇಲೆ ಆ ಕಾಗದವಿತ್ತು. ಎರಡು ವರ್ಷ. ಸಹಿಯ ಕೆಳಗಿದ್ದದ್ದು ಗುರುವಾರದ ತಾರೀಕು. ನಾನು ಔಟಾಗುವ ಹಿಂದಿನ ದಿನದ್ದು. ಹೆಂಡತಿಗೆ ಫೋನ್ ಮಾಡಿ ತಿಳಿಸಿದೆ. ಆಮೇಲೆ ಕಾಗದವನ್ನು ತಿರುಗಿಸಿ, ಹಿಂದುಗಡೆ ಏನಾದರೂ ಬರೆದಿದೆಯೇ ಎಂದು ನೋಡಿದೆ.