ಹಿತ್ತಾಳೆ ಬಿಲ್ಲೆಗಳು

ನಾನು ಓದು ನಿಲ್ಲಿಸಿದ್ದು ೧೯೮೧ರಲ್ಲಿ, ಒಂಬತ್ತನೆಯ ಇಯತ್ತೆಯ ನಡುವೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಡಿಕೆ; ಬೇರೆಯವರು ಕಂಡುಹಿಡಿದು ಹೇಳಿದರೆ ಸಿಟ್ಟು ಬರುತ್ತದೆ. ಗದಗಿನ ಕಡೆಯಿಂದ ಕುರ್ಲಾಕ್ಕೆ ಬಂದು ಗಾರೆ ಕೆಲಸ ಮಾಡುತ್ತಿದ್ದ ಅಪ್ಪನಿಗೆ ಆ ವರ್ಷ ಸೊಂಟ ಹೋಯಿತು. ನಾನು ಜೋಗೇಶ್ವರಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಶೀನಿನ ಮುಂದೆ ನಿಂತೆ. ನಿಂತವನು ಇನ್ನೂ ಕೂತಿಲ್ಲ.

ಕೂರುವುದೇನಿದ್ದರೂ ಭಾನುವಾರ, ಊಟವಾದ ಮೇಲೆ, ಫೋನು ಹಿಡಿದು. ಮೂರು ನಿಮಿಷದ ಚೆಸ್ ಆಡುತ್ತೇನೆ. ಎದುರಿಗೆ ಯಾವ ದೇಶದವನೋ, ಯಾವ ವಯಸ್ಸಿನವನೋ. ಸುಧಾರಿಸಬೇಕೆಂಬ ಹಟ ನನಗೆ. ವಿಡಿಯೋ ನೋಡುತ್ತೇನೆ, ಸೋತ ಆಟಗಳನ್ನು ಪಟ್ಟಿಯಲ್ಲಿ ಬರೆದಿಡುತ್ತೇನೆ. ಆದರೂ ಎರಡು ವರ್ಷದಿಂದ ನನ್ನ ರೇಟಿಂಗ್ ಕುರ್ಲಾ ಸ್ಟೇಷನ್ನಿನ ಮೆಟ್ಟಿಲ ಹಾಗೆ, ಹತ್ತಿದಷ್ಟೇ ಇಳಿಯುತ್ತದೆ. ಬೆರಳು ಈಗ ಹೇಳಿದ ಮಾತು ಕೇಳುವುದಿಲ್ಲ. ಕುದುರೆಯನ್ನು ಒಂದು ಮನೆಗೆ ಕಳಿಸಿದರೆ ಅದು ಪಕ್ಕದ ಮನೆಯಲ್ಲಿ ಹೋಗಿ ಕೂರುತ್ತದೆ.

ಕಳೆದ ತಿಂಗಳು ಹಾಗೇ ಆಯಿತು. ನನ್ನ ಗಡಿಯಾರದಲ್ಲಿ ನಾಲ್ಕೇ ಸೆಕೆಂಡು ಉಳಿದು ಕೆಂಪಾಗಿತ್ತು. ನೋಡನೋಡುತ್ತ ಅದು ಹತ್ತೊಂಬತ್ತಾಯಿತು. ಫೋನು ಕೆಟ್ಟಿತೆಂದು ಮಗಳನ್ನು ಕರೆದೆ.

"ಪಪ್ಪಾ, ಕೆಟ್ಟಿಲ್ಲ. ಸಾಮ್ನೇವಾಲಾ ನಿಮಗೆ ಟೈಮ್ ಕೊಟ್ಟಿದಾನೆ. ಫಿಫ್ಟೀನ್ ಸೆಕೆಂಡ್. ಅದಕ್ಕೆ ಬಟನ್ ಇದೆ ನಾ."

"ಯಾಕ ಕೊಟ್ಟ?"

"ಕ್ಯಾ ಪತಾ. ಪಾಪ ಅನ್ನಿಸಿರ್ಬೇಕು."

ಆ ಹದಿನೈದು ಸೆಕೆಂಡಿನಲ್ಲಿ ನಾನು ಒಂದು ಕಾಯಿಯನ್ನೂ ಮುಟ್ಟಲಿಲ್ಲ. ಗಡಿಯಾರ ಸೊನ್ನೆಗೆ ಬರುವವರೆಗೂ ನೋಡುತ್ತ ಕೂತೆ. ಯಾಕೆಂದು ನೀವು ಕೇಳುತ್ತೀರಿ. ಅದಕ್ಕೆ ನರಹರಿ ಸರ್ ಸಂಗತಿ ಹೇಳಬೇಕು. ಇಷ್ಟು ವರ್ಷ ಯಾರಿಗೂ ಹೇಳಿದವನಲ್ಲ.

ನರಹರಿ ಸರ್ ಮೈಸೂರಿನ ಕಡೆಯವರು, ಬ್ಯಾಂಕಿನಲ್ಲಿ ಆಫೀಸರು. ಮಾಟುಂಗದ ಕನ್ನಡ ಸಂಘವೊಂದರ ಹಾಲಿನಲ್ಲಿ ಭಾನುವಾರ ಚೆಸ್ ನಡೆಯುತ್ತಿತ್ತು. ನಾನು ಮೊದಲು ಅಲ್ಲಿಗೆ ಹೋದದ್ದು ಕಿಟಕಿಯ ಮುರಿದ ಚಿಲಕ ಸರಿಮಾಡಲಿಕ್ಕೆ. ಕೆಲಸ ಮುಗಿಸಿ ನಿಂತು ನೋಡುತ್ತಿದ್ದವನನ್ನು ಅವರೇ ಕರೆದು ಕೂರಿಸಿಕೊಂಡರು. ಉಳಿದವರೆಲ್ಲ ಡಿಗ್ರಿಯವರು. ಅವರಿಗೆ ನಾನು 'ಲೇತಿನವನು'. ಸರ್ ಒಬ್ಬರೇ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು.

ಐದು ನಿಮಿಷದ ಆಟ ಕಲಿಸಿದವರೂ ಅವರೇ. ಎರಡು ಮುಖದ ಗಡಿಯಾರ. ಕಾಯಿ ನಡೆಸಿದವನು ತನ್ನ ಕಡೆಯ ಗುಂಡಿ ಒತ್ತಿದರೆ ಎದುರಾಳಿಯ ಮುಳ್ಳು ಓಡತೊಡಗುತ್ತದೆ. ಐದು ನಿಮಿಷ ತೀರಿದಾಗ ಮುಳ್ಳು ಎತ್ತಿಹಿಡಿದಿದ್ದ ಸಣ್ಣ ಕೆಂಪು ಬಾವುಟ ಬೀಳುತ್ತದೆ, ಯಾರ ಬಾವುಟ ಬಿತ್ತೋ ಅವನು ಸೋತ.

"ನಿನ್ನ ಟೈಮಲ್ಲಿ ಯೋಚ್ನೆ ಮಾಡ್ಬೇಡ ಕಣಯ್ಯ," ಎನ್ನುತ್ತಿದ್ದರು. "ನನ್ನ ಟೈಮಲ್ಲಿ ಮಾಡು. ಅದು ಬಿಟ್ಟಿ."

ಅದು ನನಗೆ ತಕ್ಷಣ ಹತ್ತಿತು. ಲೇತಿನ ಕೆಲಸವೂ ಅದೇ. ಒಂದು ಸಲ ಆಟೋ ಫೀಡ್ ಹಾಕಿದರೆ ಟೂಲು ತಾನೇ ಲೋಹ ಕೊರೆಯುತ್ತ ಹೋಗುತ್ತದೆ. ಆ ಹೊತ್ತಿನಲ್ಲಿ ಮುಂದಿನ ಜಾಬು ಅಳೆದಿಟ್ಟುಕೊಳ್ಳದವನು ಟರ್ನರ್ ಅಲ್ಲ. ಆರು ತಿಂಗಳಲ್ಲಿ ಡಿಗ್ರಿಯವರನ್ನು ಒಬ್ಬೊಬ್ಬರನ್ನಾಗಿ ಸೋಲಿಸಿದೆ. ಗೆದ್ದು ಕುರ್ಲಾಕ್ಕೆ ಮರಳುವಾಗ ಲೋಕಲಿನ ಬಾಗಿಲಲ್ಲಿ ಎದೆ ಕೊಟ್ಟು ನಿಲ್ಲುತ್ತಿದ್ದೆ, ಎರಡೇ ಸ್ಟೇಷನ್ನಿಗೆ.

ಸರ್ ಒಬ್ಬರನ್ನು ಸೋಲಿಸಲಾಗುತ್ತಿರಲಿಲ್ಲ. ಆದರೆ ಎಂಬತ್ತೆಂಟರ ಸುಮಾರಿಗೆ ಅವರ ಬಲಗೈ ನಡುಗತೊಡಗಿತು. ಸಂಘದ ಕಾಯಿಗಳೋ ಪೊಳ್ಳು ಪ್ಲಾಸ್ಟಿಕ್, ಫ್ಯಾನಿನ ಗಾಳಿಗೇ ಅಲುಗುವಂಥವು. ಆನೆ ಎತ್ತಲು ಹೋದರೆ ಪಕ್ಕದ ಪೇದೆ ಉರುಳುತ್ತಿತ್ತು. ಬೀಳಿಸಿದವನೇ ತನ್ನ ಟೈಮಿನಲ್ಲಿ ಎತ್ತಿ ನಿಲ್ಲಿಸಬೇಕೆಂಬುದು ನಿಯಮ. ಆದರೆ ಸರ್ ಬೀಳಿಸಿದರೆ ಎದುರಿಗೆ ಕೂತವರು ಮಾತಿಲ್ಲದೆ ಎತ್ತಿಟ್ಟುಬಿಡುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಹಾಲಿನ ಪದ್ಧತಿಯಾಗಿ ಹೋಗಿತ್ತು. ನಾನೂ ಎತ್ತುತ್ತಿದ್ದೆ.

ಸರ್‌ಗೆ ಅದು ಸಂಕಟವಾಗಿರಬೇಕು. ಒಂದು ಭಾನುವಾರ ನನ್ನನ್ನು ಬದಿಗೆ ಕರೆದರು. "ನಿನ್ನ ಮಶೀನಲ್ಲಿ ಇವುಗಳ ಬುಡಕ್ಕೆ ತೂಕ ಮಾಡಿ ತರ್ತೀಯೇನಯ್ಯ? ಬುಡ ಭಾರ ಇದ್ರೆ ಬೀಳಲ್ಲ. ಇಲ್ದಿದ್ರೆ ನಾನು ಆಡೋದೇ ಬಿಡ್ಬೇಕಾಗುತ್ತೆ."

ನಾನು ಕ್ಯಾಲಿಪರ್ ಹಿಡಿದು ಎಲ್ಲ ಬುಡಗಳ ಅಳತೆ ಬರೆದುಕೊಂಡೆ. ಹೊಂದಿಸಿ ನೋಡಲು ಒಂದು ಕಪ್ಪು ಪೇದೆಯನ್ನು ಜೇಬಿಗೆ ಹಾಕಿಕೊಂಡೆ; ಅದರ ಜಾಗಕ್ಕೆ ಅವರು ಸೋಡಾ ಬಾಟಲಿಯ ಮುಚ್ಚಳ ಇಟ್ಟರು. ಹಿತ್ತಾಳೆಯ ಸರಳಿನ ತುಂಡುಗಳನ್ನು ಕೊರೆದು ಎರಡೇ ಮಧ್ಯಾಹ್ನದಲ್ಲಿ ಮೂವತ್ತೆರಡು ಬಿಲ್ಲೆ ಮುಗಿಸಿದೆ. ಪಕ್ಕದ ಲೇತಿನ ಜಾಧವ್ ನಕ್ಕ: "ಕಾಯ್ ರೇ, ಖೋಟೀ ನಾಣೀ ಪಾಡತೋಸ್ ಕಾ?" ಖೋಟಾ ನಾಣ್ಯ ಹೊಡೀತಿದ್ದೀಯೇನು ಅಂತ. ಬಿಲ್ಲೆಗಳನ್ನು ಖಾಲಿ ಗ್ರೀಸ್ ಡಬ್ಬಿಗೆ ಹಾಕಿಟ್ಟೆ. ಹೊಳೆಯುತ್ತಿದ್ದವು.

ಅದೇ ವಾರ ಸಂಘಗಳ ನಡುವಿನ ಪಂದ್ಯ ಗೊತ್ತಾಯಿತು. ತಂಡದಲ್ಲಿ ನಾಲ್ಕು ಜನ. ಮೂವರು ಡಿಗ್ರಿಯವರು ಆಗಲೇ ನಿಶ್ಚಯ; ಆಟ ನೋಡಿ ಆರಿಸಿದ್ದಲ್ಲ. ನಾಲ್ಕನೆಯ ಜಾಗಕ್ಕೆ ನಾನು ಇಲ್ಲವೇ ನರಹರಿ ಸರ್. ತಿಂಗಳ ಕೊನೆಯ ಭಾನುವಾರ ನಾವಿಬ್ಬರೂ ಆಡಿ ತೀರ್ಮಾನಿಸುವುದು. ಹೆಸರುಗಳನ್ನು ಟೈಪ್ ಮಾಡಿ ಬೋರ್ಡಿಗೆ ಹಚ್ಚುತ್ತಾರೆ ಎಂದರು. ಡಿಗ್ರಿಯವರ ಹೆಸರುಗಳ ಕೆಳಗೆ ನನ್ನ ಹೆಸರು.

ಮುಂದಿನ ಭಾನುವಾರ ಡಬ್ಬಿ ತರಲಿಲ್ಲ. "ಆಯ್ತೇನಯ್ಯ?" ಎಂದರು ಸರ್.

"ಇಲ್ರೀ ಸರ್. ಕೆಲಸ ಭಾಳ ಐತ್ರಿ."

ಅದರ ಮುಂದಿನ ಭಾನುವಾರವೂ ಅದೇ ಹೇಳಿದೆ. ಮರೆತೆ ಎಂದು ನನಗೆ ನಾನೇ ನಂಬಿಸಲು ನೋಡಿದೆ. ಆದರೆ ಆ ಡಬ್ಬಿಯನ್ನು ನಾನು ದಿನಾಲೂ ತೆರೆದು ಮುಚ್ಚುತ್ತಿದ್ದೆ.

ತೀರ್ಮಾನದ ಭಾನುವಾರದ ಆಟದಲ್ಲಿ ಸರ್ ನನ್ನನ್ನು ಎಲ್ಲ ಕಡೆಯಿಂದಲೂ ಕಟ್ಟಿಹಾಕಿದ್ದರು. ಇನ್ನೆರಡು ನಡೆ, ಅಷ್ಟೇ. ಅವರ ಗಡಿಯಾರದಲ್ಲಿ ಅರ್ಧ ನಿಮಿಷಕ್ಕೂ ಮೇಲಿತ್ತು. ಮಂತ್ರಿಯನ್ನು ಎತ್ತಿದರು. ಕೈ ನಡುಗಿತು. ರಾಜ, ಒಂಟೆ, ಎರಡು ಪೇದೆ ಒಟ್ಟಿಗೆ ಉರುಳಿದವು.

ನಾನು ಕೈಕಟ್ಟಿ ಕೂತೆ.

ಸರ್ ನನ್ನ ಕೈಗಳನ್ನು ಒಮ್ಮೆ ನೋಡಿದರು. ಆಮೇಲೆ ತಾವೇ ನಿಲ್ಲಿಸತೊಡಗಿದರು. ಒಂದು ನಿಂತರೆ ಇನ್ನೊಂದು ಬಿತ್ತು. ಒಂಟೆ ಮೇಜಿನ ಕೆಳಗೆ ಹೋಯಿತು. ಅವರು ಬಗ್ಗಿದರು. ಅವರು ಏಳುವಷ್ಟರಲ್ಲಿ ಬಾವುಟ ಬಿದ್ದಿತ್ತು.

"ಫ್ಲ್ಯಾಗ್, ಸರ್," ಎಂದೆ.

ಸೆಕ್ರೆಟರಿ ಶೆಟ್ಟರು ಎದ್ದು ಬಂದರು. "ಎಂಥದು ಮಾರಾಯ! ಕಾಯಿ ಬಿದ್ದದ್ದಲ್ವಾ? ಅದನ್ನು ಗೆದ್ದದ್ದು ಅಂತ ಹೇಳ್ತಾರಾ? ಪುನಃ ಆಡಿ."

"ಬೇಡಿ ಶೆಟ್ರೇ," ಎಂದರು ಸರ್, ಇನ್ನೂ ಒಂಟೆಯನ್ನು ಹಿಡಿದುಕೊಂಡೇ. "ರೂಲು ರೂಲೇ. ಇವ್ನಿಗೆ ರೂಲು ಹೇಳ್ಕೊಟ್ಟಿದ್ದೇ ನಾನು."

ನನ್ನ ಹೆಸರು ಬೋರ್ಡಿಗೆ ಬಂತು. ಅದರಲ್ಲಿ ಒಂದು ಅಕ್ಷರ ತಪ್ಪಿತ್ತು, ನಾನು ತಿದ್ದಿಸಲಿಲ್ಲ. ಪಂದ್ಯದಲ್ಲಿ ಸೋತೆ. ಸರ್ ಮತ್ತೆ ಹಾಲಿಗೆ ಬರಲಿಲ್ಲ.

ಮೂರು ಭಾನುವಾರ ಕಾದು, ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಅವರ ಬಿಲ್ಡಿಂಗಿಗೆ ಹೋದೆ. ಸರ್ ಎರಡೂ ಕೈಯಲ್ಲಿ ಅರ್ಧ ಲೋಟ ಕಾಫಿ ಹಿಡಿದು ಕೂತಿದ್ದರು. ನನ್ನನ್ನು ನೋಡಿ ಖುಷಿಯೇ ಆಯಿತು ಅವರಿಗೆ. ಅದೇ ನನಗೆ ಕಷ್ಟವಾದದ್ದು.

"ಸೋತ್ಯಂತೆ? ಅವನ ಟೈಮಲ್ಲಿ ಯೋಚ್ನೆ ಮಾಡ್ಲಿಲ್ವೇನೋ?"

"ಇಲ್ರೀ ಸರ್."

"ಆ ಬಿಲ್ಲೆ ಏನಾಯ್ತು? ಮಾಡಿದ್ಯಾ?"

ಡಬ್ಬಿ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಹೊರಡುವ ಮುಂಚೆ ತೆರೆದು ನೋಡಿದ್ದೆ. ಹೊಸ ಹಿತ್ತಾಳೆ ಹೊಳೆಯುತ್ತದೆ. ಇವು ನನ್ನ ಬೆವರುಗೈ ತಾಕಿ ತಾಕಿ ಕಪ್ಪಿಟ್ಟಿದ್ದವು. ಎಂದೋ ಮಾಡಿಟ್ಟದ್ದೆಂದು ಯಾರಿಗಾದರೂ ತಿಳಿಯುವಂತಿತ್ತು.

"ಇನ್ನೂ ಆಗಿಲ್ರೀ ಸರ್," ಎಂದೆ.

"ಬಿಡು ಬಿಡು. ಇನ್ನೇನು ಅವಸರ ಇಲ್ಲ."

ಅವರ ಹೆಂಡತಿ ನನಗೂ ಕಾಫಿ ಕೊಟ್ಟರು. ಕುಡಿದು ಬಂದೆ. ವರ್ಷದ ಮೇಲೆ ಮತ್ತೊಮ್ಮೆ ಹೋದಾಗ ಆ ಮನೆಯಲ್ಲಿ ಬೇರೆ ಯಾರೋ ಇದ್ದರು. ಸರ್ ಕೆಲಸ ಬಿಟ್ಟು ಮೈಸೂರಿಗೆ ಹೋದರು ಎಂದಷ್ಟೇ ತಿಳಿಯಿತು.

ಹೋದ ಭಾನುವಾರ ಒಂದು ಆಟದಲ್ಲಿ ಎದುರಾಳಿಗೆ ಮೂರು ಸೆಕೆಂಡು ಉಳಿದಿತ್ತು. ನಾನು ಗೆಲ್ಲುತ್ತಿರಲಿಲ್ಲ, ಅವನ ಗಡಿಯಾರ ಸೋಲುತ್ತಿತ್ತು. ಮಗಳು ಹೇಳಿದ ಆ ಗುಂಡಿಯನ್ನು ಹುಡುಕಿ ಒತ್ತಿದೆ. ನಡುಗುವ ಬೆರಳಿಗೆ ಅದೊಂದು ಸರಿಯಾದ ಜಾಗದಲ್ಲೇ ಸಿಕ್ಕಿತು. ಹದಿನೈದು ಸೆಕೆಂಡಿನಲ್ಲಿ ಅವನು ನನ್ನ ರಾಜನನ್ನು ಮುಗಿಸಿ ಹೋದ. ನನ್ನ ಮನಸ್ಸು ಹಗುರಾಗಲಿಲ್ಲ.

ಈಗ ನನ್ನ ಹತ್ತಿರ ಇರುವುದು: ಜೋಗೇಶ್ವರಿಯಲ್ಲಿ ಸ್ವಂತದ ಲೇತ್ ಎರಡು. ಕೋಣೆ ಒಂದು, ಅಡುಗೆಮನೆ ಒಂದು. ಮಗಳು ಒಬ್ಬಳು. ರೇಟಿಂಗ್ ಒಂಬೈನೂರ ಎಪ್ಪತ್ತೊಂದು. ಹಿತ್ತಾಳೆ ಬಿಲ್ಲೆ ಮೂವತ್ತೆರಡು. ಕಪ್ಪು ಪ್ಲಾಸ್ಟಿಕ್ ಪೇದೆ ಒಂದು.