ಫೋನಿನಲ್ಲಿ ಅಂದ ‘ಸರಿ’

ನಾನು ಓದು ಬಿಟ್ಟದ್ದು 1993ರಲ್ಲಿ, ಏಳನೇ ತರಗತಿ ಮುಗಿಸಿ. ಕೆಲವು ವರ್ಷ ಸಿಕ್ಕ ಕೆಲಸ ಮಾಡಿ, ಆಮೇಲೆ ಹೊಸೂರಿನ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ಲೋಡ್ ಎತ್ತಲು ಸೇರಿದೆ. ಈಗ ಅಲ್ಲೇ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ನನ್ನ ಲಾಗಿನ್‌ನಿಂದ ಗೇಟ್ ಪಾಸ್ ಆಗದೆ ಒಂದು ಲಾರಿಯೂ ಹೊರಡುವುದಿಲ್ಲ. ಹೇಳಿಕೊಳ್ಳಲು ಸಂಕೋಚವೇನಿಲ್ಲ, ದುಡಿದು ಬಂದ ಜಾಗ.

ಹೋದ ವರ್ಷ ಹೊಸ ನಿಯಮ ಬಂತು. ಕಾರ್ಖಾನೆಯ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಸಾಕು. ಹೊರಗಿನಿಂದ ಒಳಹೊಕ್ಕರೆ ಅಲ್ಲೊಂದು ನಂಬರ್ ಕಾಣುತ್ತದೆ, ಅದನ್ನು ನನ್ನ ಫೋನಿನಲ್ಲಿ ಒತ್ತಿದರೆ ಮಾತ್ರ ದಾರಿ. ಇಷ್ಟು ವರ್ಷದ ಮೇಲೆ ನೀನು ಯಾರು ಅಂತ ಕೇಳುತ್ತಾರಲ್ಲ ಎಂದು ಕಂಪ್ಯೂಟರ್ ಸೆಕ್ಷನ್ನಿನ ಹುಡುಗಿಯ ಮೇಲೆ ರೇಗಿದೆ.

“ಅಣ್ಣಾ, ನಿಮ್ಮನ್ನ ನಂಬ್ದೆ ಅಲ್ಲ, ನಿಮ್ಮ ಹೆಸ್ರಲ್ಲಿ ಬರೋರ್ನ ನಂಬ್ದೆ,” ಅಂದಳು. “ನೀವು ಒಳಗ್ ಹೋಗ್ದೇನೇ ಫೋನು ನಂಬರ್ ಕೇಳಿದ್ರೆ, ‘ನಾನಲ್ಲ’ ಅಂತ ಒತ್ತಿ, ಅಷ್ಟೇಯ.”

ಒಂದು ಭಾನುವಾರ ಜೂಜುವಾಡಿಯ ನಮ್ಮ ಮನೆಯಲ್ಲಿ ಮುದ್ದೆ ಮುರಿಯುತ್ತಿದ್ದಾಗ, ನಂಬರ್ ಒತ್ತಿ ಎಂದು ಫೋನು ಕೇಳಿತು. ಹಿಂದೆಯೇ ಒಬ್ಬ ಕರೆ ಮಾಡಿ, ತಾನು ಹೆಡ್ ಆಫೀಸಿನವನು, ಲಾರಿ ಕಾಯುತ್ತಿದೆ, ಅರವತ್ತೆರಡು ಒತ್ತಿ ಎಂದು ತಮಿಳಿನಲ್ಲಿ ಅವಸರ ಮಾಡಿದ. ಸರಿ ಸರಿ ಎಂದು ಕರೆ ಮುಗಿಸಿದೆ.

“ಸರಿ ಅಂದ್ರಲ್ಲ, ಒತ್ಬುಟ್ರಾ?” ಅಂದಳು ಹೆಂಡತಿ.

“ಸರಿ ಅಂದೆ ಕಣೆ, ಒತ್ತೀನಿ ಅಂದೆನಾ?”

ನಮ್ಮ ಕಡೆ ಫೋನಿನಲ್ಲಿ ಸರಿ ಅಂದರೆ ಒಪ್ಪಿಗೆಯಲ್ಲ, ಮಾತು ಸಾಕು ಅಂತ. ಅವನು ಒಪ್ಪಿಗೆ ಎಂದುಕೊಂಡ. ನಾನು ಎಡಗೈಯಲ್ಲಿ ‘ನಾನಲ್ಲ’ ಒತ್ತಿ, ಆ ಹುಡುಗಿಗೆ ಫೋನ್ ಮಾಡಿದೆ. ರಜೆಯ ದಿನವೂ ಬೇಸರಿಸದೆ ನನ್ನ ಲಾಗಿನ್ ಮುಚ್ಚಿದಳು.

ಸೋಮವಾರ ಮ್ಯಾನೇಜರ್ ಕರೆದರು. ಹಿಂದಿನ ದಿನ ಗೇಟಿಗೆ ಒಂದು ಲಾರಿ ಬಂದು, ಪಾಸ್ ನಾನು ಕೊಡುತ್ತೇನೆಂದು ನನ್ನ ಹೆಸರು ಹೇಳಿ ನಿಂತಿತ್ತಂತೆ. ಕೂರಿಸದೆಯೇ ಅವರು ಪ್ರಶ್ನೆ ಕೇಳುತ್ತಿದ್ದರು. ಪಾಸ್‌ವರ್ಡ್ ಹೇಗೆ ಹೊರಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಆ ಹುಡುಗಿ ಬಂದು, ಪಾಸ್‌ವರ್ಡ್ ಹಾಕಿದ್ದು ಯಾವುದೋ ಹೊರಗಿನ ಕಂಪ್ಯೂಟರಿನಿಂದ, ಅದನ್ನು ತಡೆದದ್ದು ಈ ಅಣ್ಣನ ಫೋನು ಎಂದು ತೆರೆಯ ಮೇಲೆ ತೋರಿಸಿದಳು. ಮ್ಯಾನೇಜರ್ ಕುರ್ಚಿ ಎಳೆದು ಕೊಟ್ಟರು, ಟೀ ತರಿಸಿದರು.

ಅವಳ ಋಣ ದೊಡ್ಡದು. ಈಗ ನನಗಿರುವುದು ಎರಡು ಕೋಣೆಯ ಮನೆ, ಒಂದು ಬೈಕು, ಒಂದು ಕೆಲಸ, ಕೆಡದ ಒಂದು ಹೆಸರು.