ಸೀಟು ಕಣ್ಣೆದುರಿಗೆ, ಒಪ್ಪಿಗೆ ಚಿತ್ರದುರ್ಗದಲ್ಲಿ

ಒಂದು ಖಾಸಗಿ ಬಸ್ ಕಂಪನಿಗೆ ಟಿಕೆಟ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಂದೇ ಸೀಟು ಇಬ್ಬರಿಗೆ ಹೋಗಬಾರದಲ್ಲ. ಅದಕ್ಕೇ ಹೊಸದುರ್ಗ, ಹಿರಿಯೂರಿನ ಕೌಂಟರುಗಳು ಪ್ರತಿ ಟಿಕೆಟಿಗೂ ಫೋನ್ ಲೈನಿನಲ್ಲಿ ಚಿತ್ರದುರ್ಗದ ಸರ್ವರನ್ನು ಕೇಳಿ, ಉತ್ತರ ಬರುವತನಕ ಕಾಯಬೇಕೆಂದು ಹಟ ಹಿಡಿದವನು ನಾನೇ.

ಮೊದಲ ದಿನ ಹೊಸದುರ್ಗದಲ್ಲಿದ್ದೆ. ಬೆಂಗಳೂರಿನ ಬಸ್ಸು ಎದುರಿಗೇ ನಿಂತು ಗುರುಗುಟ್ಟುತ್ತಿತ್ತು. ಮಗಳ ಹೆರಿಗೆಗೆ ಹೊರಟಿದ್ದ ಹೆಂಗಸೊಬ್ಬರು ಟಿಕೆಟ್ ಕೇಳಿದರು. ಏಜೆಂಟ್ ರುದ್ರಪ್ಪ ಗುಂಡಿ ಒತ್ತಿದ. ಲೈನು ಸಿಗಲೇ ಇಲ್ಲ. ನಾನು ಮೋಡೆಮ್ಮಿನ ದೀಪ ನೋಡುತ್ತ ನಿಂತಲ್ಲಿ ನಿಲ್ಲಲಾರದೆ ಒಳಗೂ ಹೊರಗೂ ಓಡಾಡಿದೆ.

"ಏನಪ್ಪ, ಸೀಟು ಖಾಲಿ ಇರೋದು ಇಲ್ಲಿಂದ್ಲೇ ಕಾಣ್ತೈತೆ. ಯಾರನ್ನ ಕೇಳ್ತಿದೀಯ?" ಎಂದರು ಆಕೆ.

"ಚಿತ್ರದುರ್ಗದೋರನ್ನ ಕೇಳ್ಬೇಕಮ್ಮ," ಅಂದ ರುದ್ರಪ್ಪ.

"ಅವರಿಗೆ ಅಲ್ಲಿಂದ ಏನು ಕಾಣ್ತೈತೆ?"

ಡ್ರೈವರ್ ಹಾರನ್ ಹೊಡೆದ. ರುದ್ರಪ್ಪ ಹಳೇ ಪುಸ್ತಕದಿಂದ ಒಂದು ಟಿಕೆಟ್ ಹರಿದುಕೊಟ್ಟು, "ಹತ್ರಿ ಅಮ್ಮ, ಬೇಗ" ಅಂದ.

ಬಸ್ಸು ಕಣ್ಮರೆಯಾದ ಮೇಲೆ ಪರದೆಯಲ್ಲಿ ಉತ್ತರ ಮೂಡಿತು: ಸೀಟು ಇದೆ.

"ಚಿತ್ರದುರ್ಗದೋರು ಒಪ್ಪಿದ್ರು ನೋಡ್ರಿ," ಎಂದ ರುದ್ರಪ್ಪ.

ಆ ವಾರವೇ ಪ್ರೋಗ್ರಾಂ ಬದಲಿಸಿದೆ. ಮೊದಲು ಟಿಕೆಟ್, ಲೈನು ಸಿಕ್ಕಾಗ ಚಿತ್ರದುರ್ಗಕ್ಕೆ ಸುದ್ದಿ. ನಾನು ಹೆದರಿದ್ದಂತೆಯೇ ಒಮ್ಮೆ ಒಂದೇ ಸೀಟು ಇಬ್ಬರಿಗೆ ಹೋಯಿತು. ಕಂಡಕ್ಟರ್ ಬಂದು, "ಸ್ವಲ್ಪ ಸರ್ಕಳ್ರಿ" ಅಂದನಂತೆ, ಅಷ್ಟೇ.